ಒಂಬತ್ತು ಮೈಲಿ ಆಚೆಯ ಜೆ ಡಿಲ್ಲಾ

ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್‌ನಲ್ಲಿ ರಸ್ತೆಗಳಿಗೆ ಮೈಲಿಯ ಹೆಸರಿದೆ. ನಗರದ ನಡುವಿನಿಂದ ಉತ್ತರಕ್ಕೆ ಹೊರಟರೆ ಮೈಲಿಗೊಂದು ಅಡ್ಡರಸ್ತೆ ಸಿಗುತ್ತದೆ. ಎಂಟನೇ ಮೈಲಿಗೆ ಡೆಟ್ರಾಯಿಟ್ ಮುಗಿಯುತ್ತದೆ, ಅಲ್ಲಿಂದಾಚೆ ಸಬರ್ಬ್. ಕಾರು ಕಂಪನಿಗಳ ಕೆಲಸಕ್ಕೆಂದು ಬಂದ ನಮ್ಮ ಕನ್ನಡದ ಮಂದಿ ಮನೆ ಮಾಡಿಕೊಂಡಿದ್ದು ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್, ಕ್ಯಾಂಟನ್ ಕಡೆ. ನಾನಿರುವ ಟ್ರಾಯ್‌ನ ಬಿಗ್ ಬೀವರ್ ರಸ್ತೆ ಎಂದರೆ ಹದಿನಾರನೇ ಮೈಲಿ. ಏಳನೇ ಮೈಲಿ ರಸ್ತೆಯ ಆಸುಪಾಸಿನಲ್ಲಿ ಕೋನಂಟ್ ಗಾರ್ಡನ್ಸ್ ಎಂಬ ಬಡಾವಣೆಯಿದೆ. ನಡುವೆ ಇರುವುದು ಒಂಬತ್ತೇ ಮೈಲಿ. ಈ ಒಂಬತ್ತು ಮೈಲಿಯನ್ನು ನಮ್ಮಲ್ಲಿ ಬಹಳ ಜನ ಹೆದ್ದಾರಿಯ ಮೇಲಿಂದ ದಾಟಿದ್ದಾರೆ, ಕೆಳಗಿಳಿದು ನೋಡಿದವರು ಕಡಿಮೆ.

ಆ ಬಡಾವಣೆಯ ಹುಡುಗ ಜೇಮ್ಸ್ ಡಿವಿಟ್ ಯಾನ್ಸಿ. ಹುಟ್ಟಿದ್ದು 1974ರ ಫೆಬ್ರವರಿ 7ರಂದು. ಮೊದಲು ಜೇ ಡೀ, ಆಮೇಲೆ ಜೆ ಡಿಲ್ಲಾ ಎಂಬ ಹೆಸರಿನಲ್ಲಿ ರ‍್ಯಾಪ್ ಮಾಡಿದ. ಅದಕ್ಕಿಂತ ಹೆಚ್ಚಾಗಿ ಬೇರೆಯವರ ರ‍್ಯಾಪಿಗೆ ಬೀಟ್, ಅಂದರೆ ಮಾತಿನ ಹಿಂದೆ ನಡೆಯುವ ಲಯ ಮತ್ತು ಸಂಗೀತ, ಕಟ್ಟಿದ. 2006ರ ಫೆಬ್ರವರಿ 10ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡಾಗ ಅವನಿಗೆ 32 ವರ್ಷ. ದೊಡ್ಡ ಪ್ರಶಸ್ತಿಯಾಗಲಿ, ಮನೆಮನೆಗೂ ಗೊತ್ತಿರುವ ಹೆಸರಾಗಲಿ ಇರಲಿಲ್ಲ. ಆದರೂ ಇವತ್ತು ಜಗತ್ತಿನ ಯಾವುದೇ ಊರಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಬೀಟ್ ಮಾಡುವ ಹುಡುಗ ಹುಡುಗಿಯರಿಗೆ, ಜಾಜ್ ಡ್ರಮ್ಸ್ ಕಲಿಯುವವರಿಗೆ, ಅವನು ಗುರು. ಅವನನ್ನು ಕಂಡೇ ಇರದ ಶಿಷ್ಯರು ಅವನಿಗೆ ಸಾವಿರಾರು.

ನಾನು ಗದಗ ಕಡೆಯವನು, ಎಂಜಿನಿಯರು, ಸಂಗೀತ ಕೇಳಿ ಬೆಳೆದವನು. ಡಿಲ್ಲಾನ ಬದುಕನ್ನು ತಿಳಿಯುತ್ತ ಹೋದಂತೆ ನನಗೆ ಒಂದು ವಿಷಯ ಬಲವಾಗಿ ಅನಿಸತೊಡಗಿತು. ನಾವು ಹೊರನಾಡಿನಲ್ಲಿ ಮಕ್ಕಳಿಗೆ ಸಂಗೀತ ಕಲಿಸುವ ರೀತಿಗಿಂತ, ಆ ಕರಿಯರ ಬಡಾವಣೆಯಲ್ಲಿ ಒಬ್ಬ ಹುಡುಗ ಸಂಗೀತ ಕಲಿತ ರೀತಿಯೇ ನಮ್ಮ ಊರಿನ ಹಳೆಯ ಪದ್ಧತಿಗೆ ಹತ್ತಿರ. ಕಡಲು ದಾಟುವಾಗ ನಾವು ಪಾಠಗಳನ್ನು ತಂದೆವು, ಕಲಿಯುವ ಜಾಗವನ್ನು ಅಲ್ಲೇ ಬಿಟ್ಟು ಬಂದೆವು.

ಕೋನಂಟ್ ಗಾರ್ಡನ್ಸ್ ಬಡವರ ಕೇರಿಯಾಗಿರಲಿಲ್ಲ. ಗುಲಾಮಗಿರಿಯ ವಿರುದ್ಧ ನಿಂತ ಶುಬೇಲ್ ಕೋನಂಟ್ ಎಂಬ ಬಿಳಿಯನ ಜಮೀನು ಅದು. ಊರಿನ ಬೇರೆಡೆಗಳಲ್ಲಿ ಕರಿಯರಿಗೆ ಮನೆ ಮಾರಬಾರದು ಎಂಬ ಕರಾರುಗಳಿದ್ದ ಕಾಲಕ್ಕೆ ಇಲ್ಲಿ ಆ ತಡೆ ಇರಲಿಲ್ಲ, ಹಾಗಾಗಿ ಸ್ವಂತ ಮನೆ ಕಟ್ಟಿಕೊಂಡ ಕರಿಯ ಮಧ್ಯಮವರ್ಗ ಇಲ್ಲಿ ನೆಲೆ ನಿಂತಿತು. ಅಪ್ಪ ಬೆವರ್ಲಿ ಯಾನ್ಸಿ ಜಾಜ್ ಬೇಸ್ ನುಡಿಸುತ್ತಿದ್ದರು, ಅಮ್ಮ ಮೌರೀನ್ ಒಪೆರಾ ಹಾಡಿದವರು. ಇಷ್ಟೆಲ್ಲ ಸಂಗೀತ ಮನೆಯಲ್ಲೇ ಇದ್ದರೂ ತಂದೆತಾಯಿ ಮಗನನ್ನು ಹಾಕಿದ್ದು ಡೇವಿಸ್ ಏರೋಸ್ಪೇಸ್ ಟೆಕ್ನಿಕಲ್ ಹೈಸ್ಕೂಲಿಗೆ. ಕೈಯಲ್ಲಿ ಒಂದು ಗಟ್ಟಿ ಕೆಲಸವಿರಲಿ ಎಂಬ ಆಸೆ ಎಲ್ಲ ತಂದೆತಾಯಿಗಳದ್ದೂ ಹೌದು. ನಮ್ಮಪ್ಪನದೂ ಅದೇ ಆಗಿತ್ತು. ಹುಡುಗನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಪರ್ಶಿಂಗ್ ಹೈಸ್ಕೂಲಿನ ಸ್ನೇಹಿತರಾದ ಟಿ3 ಮತ್ತು ಬಾಟಿನ್ ಜೊತೆ ಸೇರಿ ಸ್ಲಮ್ ವಿಲೇಜ್ ಎಂಬ ತಂಡ ಕಟ್ಟಿದ. ಮನೆಯ ಬೇಸ್‌ಮೆಂಟಿನಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ರಾತ್ರಿ ಹಗಲು ಕೂತ.

ಇಲ್ಲಿ ಆಂಪ್ ಫಿಡ್ಲರ್ ಬರುತ್ತಾರೆ. ಅದೇ ಓಣಿಗಳವರು, ಜಾರ್ಜ್ ಕ್ಲಿಂಟನ್‌ನ ಪಾರ್ಲಮೆಂಟ್-ಫಂಕಡೆಲಿಕ್ ತಂಡಕ್ಕೆ ಕೀಬೋರ್ಡ್ ನುಡಿಸಿದವರು, 2023ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಮನೆಯಲ್ಲಿ ಸ್ಟುಡಿಯೋ ಇತ್ತು, ಸ್ಟುಡಿಯೋದಲ್ಲಿ ಅಕಾಯ್ ಕಂಪನಿಯ ಎಂಪಿಸಿ ಯಂತ್ರ ಇತ್ತು. ಆ ಕಾಲಕ್ಕೆ ಅದು ಸಾವಿರಾರು ಡಾಲರಿನ ಸಾಮಾನು. ಅಂಥದ್ದನ್ನು ಅವರು ಓಣಿಯ ಹುಡುಗರಿಗೆ ಮುಟ್ಟಲು ಬಿಟ್ಟರು. ಫೀ ಇಲ್ಲ, ಪರೀಕ್ಷೆ ಇಲ್ಲ. ಯಂತ್ರ ಹೇಗೆ ನಡೆಯುತ್ತದೆ ಅಂತ ತೋರಿಸಿಕೊಟ್ಟು, ಉಳಿದದ್ದನ್ನು ಹುಡುಗನ ಕಿವಿಗೆ ಬಿಟ್ಟರು. 1994ರಲ್ಲಿ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಎಂಬ ರ‍್ಯಾಪ್ ತಂಡದ ಕ್ಯೂ-ಟಿಪ್‌ಗೆ ಈ ಹುಡುಗನನ್ನು ಪರಿಚಯ ಮಾಡಿಸಿದವರೂ ಅವರೇ. ಅಲ್ಲಿಂದ ಡಿಲ್ಲಾನ ದಾರಿ ತೆರೆಯಿತು. ತನ್ನ ಯಂತ್ರವನ್ನು ಪಕ್ಕದ ಮನೆಯ ಹುಡುಗನ ಕೈಗೆ ಕೊಟ್ಟ ಒಬ್ಬ ಹಿರಿಯ ಇರದಿದ್ದರೆ ಈ ಕಥೆಯೇ ಇಲ್ಲ.

ಆ ಯಂತ್ರದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಅವನ ಸಂಗೀತದ ಗುಟ್ಟು ಅಲ್ಲಿದೆ. ಎಂಪಿಸಿ ಎಂದರೆ ಮೇಜಿನ ಮೇಲಿಡುವ ಒಂದು ಚಪ್ಪಟೆ ಪೆಟ್ಟಿಗೆ. ಬಲಗಡೆ ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ ಹದಿನಾರು ರಬ್ಬರ್ ಗುಂಡಿಗಳು. ಹಳೆಯ ರೆಕಾರ್ಡಿನಿಂದ ಒಂದು ತುಣುಕು ದನಿ ತೆಗೆದು ಒಂದೊಂದು ಗುಂಡಿಗೆ ಕೂರಿಸಬಹುದು: ಒಂದರಲ್ಲಿ ಡ್ರಮ್ಮಿನ ಗುಮ್ಮೆನ್ನುವ ಪೆಟ್ಟು, ಇನ್ನೊಂದರಲ್ಲಿ ಟಕ್ಕೆನ್ನುವ ಸ್ನೇರ್, ಮತ್ತೊಂದರಲ್ಲಿ ಯಾರೋ ಎಂದೋ ನುಡಿಸಿದ ಗಿಟಾರಿನ ಎರಡು ಸ್ವರ. ಬೆರಳಿನಿಂದ ಬಡಿದರೆ ದನಿ ಬರುತ್ತದೆ, ಬಡಿದದ್ದನ್ನೆಲ್ಲ ಯಂತ್ರ ನೆನಪಿಟ್ಟುಕೊಳ್ಳುತ್ತದೆ. ಇದನ್ನು ರೂಪಿಸಿದ ರೋಜರ್ ಲಿನ್ ಅದರಲ್ಲಿ ಒಂದು ಅನುಕೂಲ ಇಟ್ಟಿದ್ದರು. ನಿಮ್ಮ ಬೆರಳು ತುಸು ತಡವಾಗಿ ಬಿದ್ದರೂ ಯಂತ್ರ ಆ ಪೆಟ್ಟನ್ನು ಎಳೆದು ತಂದು ಸರಿಯಾದ ಮಾತ್ರೆಯ ಮೇಲೆ ಕೂರಿಸುತ್ತದೆ. ಅದಕ್ಕೆ ಕ್ವಾಂಟೈಜ್ ಅನ್ನುತ್ತಾರೆ. ಬಹಳ ಜನ ಆ ತಿದ್ದುವಿಕೆಯನ್ನು ಹಾಗೇ ಒಪ್ಪಿಕೊಂಡು ಕೆಲಸ ಮಾಡುತ್ತಿದ್ದರು. ಲಯ ಗಟ್ಟಿ ಇರುತ್ತಿತ್ತು, ಒಂದೇ ತೆರನಾಗಿಯೂ ಇರುತ್ತಿತ್ತು.

ಡಿಲ್ಲಾ ಅದನ್ನು ಕೆಲವೆಡೆ ಆಫ್ ಮಾಡಿದ. ಕೆಲವೆಡೆ ಒಂದೊಂದು ಪೆಟ್ಟನ್ನು ಬೇಕೆಂದೇ ಕೂದಲೆಳೆಯಷ್ಟು ಹಿಂದೆಯೋ ಮುಂದೆಯೋ ಸರಿಸಿದ. ಒಂದೇ ಬೀಟಿನೊಳಗೆ ಒಂದು ವಾದ್ಯ ನೇರ ನಡೆದರೆ ಇನ್ನೊಂದು ತುಸು ಅವಸರಪಡುತ್ತದೆ, ಮೂರನೆಯದು ತೂಕಡಿಸಿ ಬೀಳುತ್ತದೆ. ಮೊದಲ ಸಲ ಕೇಳಿದವರಿಗೆ ಏನೋ ತಪ್ಪಾಗಿದೆ ಅನಿಸುತ್ತದೆ. ನಾಲ್ಕು ಆವರ್ತನ ಕೇಳುವಷ್ಟರಲ್ಲಿ ತಲೆ ತಾನಾಗಿ ತೂಗತೊಡಗುತ್ತದೆ. ದಿ ರೂಟ್ಸ್ ತಂಡದ ಡ್ರಮ್ಮರ್ ಕ್ವೆಸ್ಟ್‌ಲವ್ ಎಂದರೆ ಗಡಿಯಾರದಷ್ಟು ಕರಾರುವಾಕ್ಕಾಗಿ ಬಾರಿಸುತ್ತಿದ್ದ ಕೈ. ಅಂಥವರು ಡಿಲ್ಲಾನನ್ನು ಕೇಳಿದ ಮೇಲೆ ತಮ್ಮ ಕೈಯನ್ನು ಬೇರೆ ರೀತಿ ಪಳಗಿಸಿಕೊಂಡರು. ಗಾಯಕ ಡಿಏಂಜೆಲೋ 2000ದಲ್ಲಿ ಹೊರತಂದ ವೂಡೂ ಆಲ್ಬಮ್‌ನ ಉದ್ದಕ್ಕೂ ಆ ನಡೆ ಕೇಳಿಸುತ್ತದೆ. ಅಂದರೆ ಮನುಷ್ಯನೊಬ್ಬ ಯಂತ್ರದಲ್ಲಿ ಮಾಡಿದ್ದನ್ನು ಉಳಿದ ಮನುಷ್ಯರು ಕೈಯಿಂದ ನುಡಿಸಲು ಕಲಿತರು.

ನಮ್ಮ ಕರ್ನಾಟಕ ಸಂಗೀತದಲ್ಲಿ ಎತ್ತುಗಡೆ ಅನ್ನುತ್ತೇವಲ್ಲ, ಸಮಕ್ಕಿಂತ, ಅಂದರೆ ತಾಳದ ಮೊದಲ ಪೆಟ್ಟಿಗಿಂತ, ಮುಂಚೆ ಎತ್ತಿದರೆ ಅತೀತ, ತಡವಾಗಿ ಎತ್ತಿದರೆ ಅನಾಗತ. ತಾಳದ ಎದುರು ಸಾಹಿತ್ಯವನ್ನು ಸರಿಸಿ ಕೂರಿಸುವ ಸುಖ ನಮಗೆ ಹೊಸದಲ್ಲ. ಆದರೆ ಅದು ಅಕ್ಷರಕಾಲದ, ಅಂದರೆ ತಾಳದ ಎಣಿಕೆಯ, ಲೆಕ್ಕದೊಳಗಿನ ಸರಿಸುವಿಕೆ, ಒಂದೂವರೆ ಅಕ್ಷರ ಎಂದರೆ ಕರಾರುವಾಕ್ಕಾಗಿ ಒಂದೂವರೆ. ಡಿಲ್ಲಾನದು ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಬಾಯಲ್ಲಿ ಕೊನ್ನಕೋಲು ಹೇಳಿ ಬರೆದಿಡಲಾಗದು. ಹಾಗಂತ ನಮ್ಮಲ್ಲಿ ಅದೇ ಇಲ್ಲವೆಂದೂ ಅಲ್ಲ. ಹಿರಿಯ ಗಾಯಕರೊಬ್ಬರು ವಿಲಂಬಿತದಲ್ಲಿ ಸಮಕ್ಕೆ ಬಂದು ಮುಟ್ಟುವಾಗ ತುಸು ಕಾಯಿಸುತ್ತಾರೆ, ತಬಲಾದವರು ನಗುತ್ತ ಕಾಯುತ್ತಾರೆ. ಆ ಕಾಯುವಿಕೆಯನ್ನೇ ಹಿಡಿದು ಹಾಡಿನುದ್ದಕ್ಕೂ ಹರಡಿದರೆ ಏನಾದೀತು ಎಂಬುದು ಡಿಲ್ಲಾನ ಕೆಲಸ ಅಂತ ನನಗೆ ಅನಿಸುತ್ತದೆ. ಸಂಗೀತಶಾಸ್ತ್ರ ಬಲ್ಲವರು ಇದನ್ನು ಇನ್ನೂ ಚೆನ್ನಾಗಿ ಹೇಳಿಯಾರು.

ಈಗ ನಮ್ಮ ಕಡೆ ನೋಡೋಣ. ಇಲ್ಲಿನ ಕನ್ನಡದ ಮನೆಗಳಲ್ಲಿ ಸಂಗೀತಕ್ಕೆ ಮರ್ಯಾದೆ ಇದೆ, ಅದನ್ನು ಹೆಮ್ಮೆಯಿಂದ ಹೇಳುತ್ತೇನೆ. ಐದು ವರ್ಷದ ಮಗುವಿನಿಂದಲೇ ಶನಿವಾರ ಭಾನುವಾರ ಕ್ಲಾಸು. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಲಂಬೋದರ ಲಕುಮಿಕರ. ಮಿಷಿಗನ್ನಿನ ಹಿಮದಲ್ಲಿ ಕಾರು ಓಡಿಸಿಕೊಂಡು ಮಕ್ಕಳನ್ನು ಕರೆದೊಯ್ಯುವ ತಾಯಂದಿರ ಶ್ರದ್ಧೆಗೆ ಕೈ ಮುಗಿಯಬೇಕು. ಮುಂದೆ ವರ್ಣ, ಕೃತಿ, ಆಮೇಲೆ ಈಸ್ಟರ್ ಹೊತ್ತಿಗೆ ಕ್ಲೀವ್‌ಲ್ಯಾಂಡ್ ತ್ಯಾಗರಾಜ ಉತ್ಸವದ ಸ್ಪರ್ಧೆ. 1978ರಿಂದ ನಡೆದು ಬಂದ ಆ ಉತ್ಸವ ನಮಗೆ ಮೂರು ಗಂಟೆಯ ದಾರಿ. ಇಲ್ಲಿನ ಕನ್ನಡಿಗರ ಸಂಘವಾದ ಪಂಪ ಕನ್ನಡ ಕೂಟದ ವೇದಿಕೆಯಲ್ಲಿ ನಮ್ಮ ಮಕ್ಕಳು ದಾಸರ ಪದ ಹಾಡುವಾಗ ಕಣ್ಣು ತುಂಬಿ ಬರುತ್ತದೆ. ಇದ್ಯಾವುದನ್ನೂ ಕಡಿಮೆ ಮಾಡಿ ಅಂತ ನಾನು ಹೇಳುವುದಿಲ್ಲ.

ನನಗೆ ಕೊರತೆ ಕಾಣುವುದು ಕ್ಲಾಸಿಗೂ ವೇದಿಕೆಗೂ ನಡುವೆ. ಅಲ್ಲಿ ಏನೂ ಇಲ್ಲ. ಮಗು ಪಾಠ ಒಪ್ಪಿಸುತ್ತದೆ ಇಲ್ಲವೇ ಪ್ರದರ್ಶನ ಕೊಡುತ್ತದೆ. ಎರಡೂ ಕಡೆ ಯಾರೋ ಅಂಕ ಹಾಕುತ್ತಿರುತ್ತಾರೆ. ಸುಮ್ಮನೆ ನಾಲ್ಕು ಜನ ಸೇರಿ, ತಪ್ಪು ಮಾಡುತ್ತ, ಒಬ್ಬರ ವಾದ್ಯವನ್ನು ಇನ್ನೊಬ್ಬರು ಮುಟ್ಟುತ್ತ, ಏನೋ ಒಂದನ್ನು ಹುಟ್ಟಿಸುವ ಹೊತ್ತು ನಮ್ಮ ಮಕ್ಕಳಿಗೆ ಸಿಗುತ್ತಿಲ್ಲ. ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೋಗುತ್ತಿದ್ದಂತೆ ಹತ್ತು ವರ್ಷ ಕಲಿತ ಮೃದಂಗ ಚೀಲದೊಳಗೆ ಸೇರಿ ಅಟ್ಟ ಹತ್ತುತ್ತದೆ. ಇದು ಎಷ್ಟು ಮನೆಗಳ ಕಥೆ ಅನ್ನುವುದು ಇದನ್ನು ಓದುತ್ತಿರುವ ಇಲ್ಲಿನ ತಂದೆತಾಯಿಗಳಿಗೆ ಗೊತ್ತು.

ಸ್ನೇಹಿತರೊಬ್ಬರ ಮಗನ ಮಾತು ಹೇಳುತ್ತೇನೆ. ಎಂಟನೇ ವಯಸ್ಸಿನಿಂದ ಮೃದಂಗ ಕಲಿತ ಹುಡುಗ. ಒಂದು ಊಟದ ದಿನ ಅವರ ಮನೆಯಲ್ಲಿ ಮೇಲಿನ ಕೋಣೆಗೆ ಕರೆದುಕೊಂಡು ಹೋಗಿ ಕಿವಿಗೆ ಹೆಡ್‌ಫೋನ್ ಹಾಕಿದ. ರಾಜನ್-ನಾಗೇಂದ್ರ ಅವರ ಎಪ್ಪತ್ತರ ದಶಕದ ಒಂದು ಹಾಡಿನ ನಡುವಿನ ಪಿಟೀಲಿನ ಸಾಲನ್ನು ಕತ್ತರಿಸಿ, ಹಿಂದುಮುಂದು ಮಾಡಿ ಜೋಡಿಸಿದ್ದ. ಅದರ ಕೆಳಗೆ ತನ್ನದೇ ಮೃದಂಗದ ತೊಪ್ಪಿ ಕಡೆಯ ಗುಮಕಿ, ತುಸು ತಡವಾಗಿ ಬೀಳುವಂತೆ. ನಾನು ಡಿಲ್ಲಾನ ಹೆಸರು ಹೇಳಿದ ಕೂಡಲೇ ಅವನ ಮುಖ ಅರಳಿತು.

"ಅಂಕಲ್, ನಿಮಗೆ ಡಿಲ್ಲಾ ಗೊತ್ತಾ?" ಅಂದ. ಮರುಕ್ಷಣವೇ, "ಅಪ್ಪಂಗೆ ಹೇಳ್ಬೇಡಿ ಪ್ಲೀಸ್, ಪ್ರಾಕ್ಟೀಸ್ ಬಿಟ್ಟು ಇದನ್ನ ಮಾಡ್ತೀನಿ ಅಂತ ಬೈತಾರೆ."

ಕೆಳಗೆ ಬಂದು ಅವನಪ್ಪನಿಗೆ ನಾನು ಹೇಳಿಯೇಬಿಟ್ಟೆ, ಹುಡುಗನನ್ನು ಕೇಳಿ ಒಪ್ಪಿಸಿಕೊಂಡೇ ಹೇಳಿದೆ. ಅವರು ಒಳ್ಳೆಯವರು. "ಅಲ್ರೀ, ಯಾರೋ ನುಡಿಸಿದ್ದನ್ನ ಕತ್ತರಿಸಿ ಅಂಟಿಸೋದು ಸಂಗೀತ ಹೆಂಗಾಗ್ತದ?" ಅಂದರು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬೇರೆಯವರ ದುಡಿಮೆಯನ್ನು ಹೇಳದೆ ಕೇಳದೆ ಎತ್ತಿಕೊಂಡ ಪ್ರಸಂಗಗಳು ಈ ಲೋಕದಲ್ಲಿ ನಡೆದಿವೆ. ಹಿಂದಿ ಸಿನಿಮಾ ಹಾಡನ್ನು ಅನುಮತಿ ಇಲ್ಲದೆ ಬಳಸಿದ್ದಕ್ಕೆ ಬಪ್ಪಿ ಲಾಹಿರಿ ಅಮೆರಿಕದ ಕೋರ್ಟಿಗೇ ಹೋಗಬೇಕಾಯಿತು. ಅನುಮತಿ ಪಡೆಯಬೇಕು, ಹೆಸರು ಹಾಕಬೇಕು, ದುಡ್ಡು ಕೊಡಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಕತ್ತರಿಸಿ ಅಂಟಿಸುವುದು ಏನೆಂದು ತಿಳಿಯಬೇಕಿದ್ದರೆ ಡಿಲ್ಲಾನ ಕೊನೆಯ ಆಲ್ಬಮ್ ಡೋನಟ್ಸ್‌ನಲ್ಲಿರುವ ಡೋಂಟ್ ಕ್ರೈ ಎಂಬ ತುಣುಕನ್ನು ಒಮ್ಮೆ ಕೇಳಿ. ಎರಡು ನಿಮಿಷದ್ದು. ದಿ ಎಸ್ಕಾರ್ಟ್ಸ್ ಎಂಬ ತಂಡದ ಹಳೆಯ ಹಾಡು, ನೀನು ಅಳುವುದನ್ನು ನೋಡಲಾರೆ ಎಂಬ ಅರ್ಥದ್ದು. ಮೊದಲು ಡಿಲ್ಲಾ ಅದನ್ನು ಹೆಚ್ಚುಕಡಿಮೆ ಇದ್ದ ಹಾಗೆಯೇ ಹರಿಯಲು ಬಿಡುತ್ತಾನೆ, ಮೂಲ ಹಾಡು ಹೀಗಿತ್ತು ಅಂತ ನಮಗೆ ತೋರಿಸುವ ಹಾಗೆ. ಆಮೇಲೆ ಅದೇ ಹಾಡನ್ನು ಅಕ್ಷರ ಅಕ್ಷರವಾಗಿ ಒಡೆದು, ಉಸಿರಿನ ತುಣುಕು, ಪಿಯಾನೋದ ತುಣುಕು, ಡ್ರಮ್ಮಿನ ತುಣುಕು ಆಯ್ದು ಬೇರೆಯದೇ ನಡೆಯಲ್ಲಿ ಕೂರಿಸುತ್ತಾನೆ. ಡಿಲ್ಲಾ ಆಗ ಕಾಯಿಲೆ ಬಿದ್ದಿದ್ದ; ಕಾಯಿಲೆಯ ಮಗ ತಾಯಿಗೆ ಹೇಳಿದ ಮಾತು ಅದು ಅಂತ ಅನೇಕರು ಕೇಳುತ್ತಾರೆ, ನನಗೂ ಹಾಗೆಯೇ ಕೇಳಿಸುತ್ತದೆ. ಒಂದು ರಾಗದ ಸಂಚಾರಗಳನ್ನು ಹಿರಿಯರಿಂದ ಪಡೆದು ನಮ್ಮ ಗಾಯಕರು ತಮ್ಮ ಮನೋಧರ್ಮದಲ್ಲಿ ಮರಳಿ ಕಟ್ಟುವುದಿಲ್ಲವೇ? ಇಲ್ಲಿ ಅವನು ಪಡೆದದ್ದು ಹಳೆಯ ದನಿಗಳನ್ನು. ಸ್ನೇಹಿತರಿಗೆ ಅದನ್ನು ಹಾಕಿ ಕೇಳಿಸಿದೆ. ಅವರು ಎರಡನೇ ಸಲ ಹಾಕಲು ಹೇಳಿದರು.

ಇನ್ನು ಗದಗದ ಮಾತು. ವೀರೇಶ್ವರ ಪುಣ್ಯಾಶ್ರಮ ನಮ್ಮ ಕಡೆಯವರಿಗೆ ಹೇಳಿ ಗೊತ್ತಾಗಬೇಕಾದ್ದಲ್ಲ. ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು ಹಾನಗಲ್ಲ ಕುಮಾರಸ್ವಾಮಿಗಳ ಆಶೀರ್ವಾದದಲ್ಲಿ ಕಟ್ಟಿದ್ದು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಅವರಂತೆಯೇ ಕಣ್ಣಿಲ್ಲದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ನಡೆಸಿದ್ದು. ಅಂಧ ಮಕ್ಕಳು, ಅನಾಥ ಮಕ್ಕಳು, ಬಡವರ ಮಕ್ಕಳು ಯಾವ ಜಾತಿಯವರೇ ಇರಲಿ, ಊಟ, ವಸತಿ, ಸಂಗೀತ ಎಲ್ಲ ಅಲ್ಲೇ, ದುಡ್ಡಿಲ್ಲದೆ. ಬಸವರಾಜ ರಾಜಗುರು ಅವರಂಥ ದೊಡ್ಡ ಗಾಯಕರು ಪಂಚಾಕ್ಷರ ಗವಾಯಿಗಳ ಶಿಷ್ಯರು. ಚಿಕ್ಕವನಿದ್ದಾಗ ಅಜ್ಜಿಯ ಕೈ ಹಿಡಿದು ಅಲ್ಲಿಗೆ ಹೋದದ್ದು ನನಗೆ ನೆನಪಿದೆ. ಒಂದು ಮೂಲೆಯಲ್ಲಿ ಹಾರ್ಮೋನಿಯಂ, ಇನ್ನೊಂದು ಮೂಲೆಯಲ್ಲಿ ಇಬ್ಬರು ಹುಡುಗರ ತಬಲಾ, ಪಡಸಾಲೆಯಲ್ಲಿ ಪಿಟೀಲು, ಎಲ್ಲವೂ ಒಟ್ಟಿಗೆ. ಒಬ್ಬ ಸಣ್ಣ ಹುಡುಗ ತನ್ನ ಪಾಠ ಬಿಟ್ಟು ಪಕ್ಕದವನ ತಬಲಾದ ಮೇಲೆ ಕೈಯಾಡಿಸುತ್ತಿದ್ದ, ಯಾರೂ ಗದರಲಿಲ್ಲ. "ಇಲ್ಲೆ ಎಲ್ಲಾರೂ ಎಲ್ಲಾನೂ ಮುಟ್ಟಿ ನೋಡತಾರ, ಕಣ್ಣಿಲ್ಲಲ್ಲ, ಕೈಯ್ಯಾಗ ಕಲಿಬೇಕು" ಅಂದಿದ್ದಳು ಅಜ್ಜಿ. ಪುಟ್ಟರಾಜ ಗವಾಯಿಗಳೇ ಹಾಗಲ್ಲವೇ, ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು, ಯಾವ ವಾದ್ಯವನ್ನೂ ಬಿಟ್ಟವರಲ್ಲ.

ಆಂಪ್ ಫಿಡ್ಲರ್ ಅವರ ಮನೆಯ ಸ್ಟುಡಿಯೋದ ಬಗ್ಗೆ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಪಡಸಾಲೆ. ನಮ್ಮ ಪಾಠಕ್ರಮವನ್ನು ಹಾಕಿಕೊಟ್ಟ ಪುರಂದರದಾಸರನ್ನೇ ನೋಡಿ, ಇದ್ದ ಹಣವನ್ನೆಲ್ಲ ಕೊಟ್ಟು, ತಂಬೂರಿ ಹಿಡಿದು ಬೀದಿಯಲ್ಲಿ ಹಾಡಿದವರೆಂದೇ ನಾವು ಅವರನ್ನು ನೆನೆಯುವುದು. ಅವರ ಸರಳೆ ವರಸೆಗೆ ಇಲ್ಲಿ ಗಂಟೆಯ ಲೆಕ್ಕದಲ್ಲಿ ಡಾಲರು. ಕಲಿಸುವವರದ್ದು ತಪ್ಪೇನೂ ಇಲ್ಲ, ಅವರೂ ಸಂಸಾರ ನಡೆಸಬೇಕು. ಆದರೆ ಆ ಗಂಟೆ ಮುಗಿದ ಮೇಲೆ ಮಗು ಹೋಗಿ ಕೂರುವ ಪಡಸಾಲೆ ಎಲ್ಲಿದೆ?

ಡಿಲ್ಲಾನ ವೃತ್ತಿಜೀವನದಲ್ಲಿ ನನ್ನನ್ನು ಕಾಡಿದ ಇನ್ನೊಂದು ಸಂಗತಿ ಹೆಸರಿನದು. 1995ರಲ್ಲಿ ಫಾರ್ಸೈಡ್ ತಂಡದ ರನ್ನಿನ್, 1996ರಲ್ಲಿ ಡಿ ಲಾ ಸೋಲ್‌ನ ಸ್ಟೇಕ್ಸ್ ಈಸ್ ಹೈ, 2000ದಲ್ಲಿ ಕಾಮನ್‌ನ ದಿ ಲೈಟ್ ಮತ್ತು ಎರಿಕಾ ಬಾಡು ಅವರ ಡಿಡಂಟ್ ಚಾ ನೋ, ಇವೆಲ್ಲದರ ಹಿಂದೆ ಅವನ ಕೈ ಇತ್ತು. ಕ್ಯೂ-ಟಿಪ್ ಮತ್ತು ಅಲಿ ಶಹೀದ್ ಮುಹಮ್ಮದ್ ಜೊತೆ ಮಾಡಿದ ಕೆಲಸ ಉಮ್ಮಾ ಎಂಬ ಗುಂಪಿನ ಹೆಸರಿನಲ್ಲಿ ಬರುತ್ತಿದ್ದರಿಂದ, ಯಾವುದು ಯಾರದು ಅಂತ ಹೊರಗಿನವರಿಗೆ ತಿಳಿಯುತ್ತಲೇ ಇರಲಿಲ್ಲ. ತನ್ನದೇ ದನಿಯಲ್ಲಿ ರ‍್ಯಾಪ್ ಮಾಡಿ ಒಂದು ದೊಡ್ಡ ಕಂಪನಿಗೆ ಕೊಟ್ಟ ಆಲ್ಬಮ್ ಕಪಾಟಿನಲ್ಲೇ ಉಳಿಯಿತು, ಹೊರಬಂದದ್ದು 2016ರಲ್ಲಿ, ಅವನು ಸತ್ತು ಹತ್ತು ವರ್ಷದ ಮೇಲೆ. ಡೆಟ್ರಾಯಿಟ್‌ಗೆ ಇದು ಹೊಸದೇನಲ್ಲ. ಬೆರಿ ಗಾರ್ಡಿ 1959ರಲ್ಲಿ ಇಲ್ಲಿ ಮೋಟೌನ್ ಎಂಬ ರೆಕಾರ್ಡ್ ಕಂಪನಿ ಶುರು ಮಾಡಿದ್ದು ಮನೆಯವರೆಲ್ಲ ವಾರವಾರ ಹಾಕಿದ ಉಳಿತಾಯದಿಂದ 800 ಡಾಲರು ಸಾಲ ಪಡೆದು, ನಮ್ಮಲ್ಲಿ ಹೆಣ್ಣುಮಕ್ಕಳು ಭಿಶಿ ಹಾಕಿ ಎತ್ತುವ ಹಾಗೆ. ಅಲ್ಲಿಂದ ಹೊರಟ ನೂರಾರು ಹಾಡುಗಳಿಗೆ ನುಡಿಸಿದ ಫಂಕ್ ಬ್ರದರ್ಸ್ ಎಂಬ ವಾದ್ಯಗಾರರ ಹೆಸರು 1971ರ ಮಾರ್ವಿನ್ ಗೇ ಆಲ್ಬಮ್ ತನಕ ರೆಕಾರ್ಡಿನ ಹೊದಿಕೆ ಮೇಲೆ ಬರಲಿಲ್ಲ. ನಮ್ಮ ಸಿನಿಮಾ ಹಾಡುಗಳಿಗೆ ಕೊಳಲು, ಪಿಟೀಲು, ತಬಲಾ ನುಡಿಸಿದವರ ಹೆಸರು ನಮಗೆಷ್ಟು ಗೊತ್ತು? ಈ ಒಂದು ವಿಷಯದಲ್ಲಿ ಎರಡೂ ಕಡೆಯವರು ಒಂದೇ.

ಕಾಯಿಲೆಯ ಕಥೆಗೆ ಬಂದರೆ ಮಾತ್ರ ಅವರ ದಾರಿಗಿಂತ ನಮ್ಮ ದಾರಿ ಮೇಲು ಅಂತ ಹೇಳಲು ನನಗೆ ಸಂಕೋಚವಿಲ್ಲ. 2002ರ ಸುಮಾರಿಗೆ ಡಿಲ್ಲಾನಿಗೆ ಟಿಟಿಪಿ ಎಂಬ ಅಪರೂಪದ ರಕ್ತದ ಕಾಯಿಲೆ ಕಂಡಿತು. ಸಣ್ಣ ರಕ್ತನಾಳಗಳಲ್ಲೆಲ್ಲ ರಕ್ತ ಹೆಪ್ಪುಗಟ್ಟುವಂಥದ್ದು. ಮೇಲೆ ಲೂಪಸ್, ದೇಹದ ರಕ್ಷಣಾ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ಲಾಸ್ ಏಂಜಲೀಸ್‌ಗೆ ಹೋದ ಮೇಲೆ ಸೀಡರ್ಸ್-ಸೈನೈ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕಳೆದ. ಅಮ್ಮ ಡೆಟ್ರಾಯಿಟ್ ಬಿಟ್ಟು ಬಂದು ಪಕ್ಕದಲ್ಲೇ ನಿಂತರು. ಬೆರಳುಗಳು ಊದಿಕೊಂಡು ಗುಂಡಿ ಒತ್ತಲಾಗದಾಗ ತಾಯಿ ಬೆರಳು ನೀವಿಕೊಡುತ್ತಿದ್ದರು, ಆಮೇಲೆ ಅವನು ಮತ್ತೆ ಕೆಲಸಕ್ಕೆ ಕೂರುತ್ತಿದ್ದ. ಡೋನಟ್ಸ್ ಪೂರ್ತಿಯಾಗಿ ಆಸ್ಪತ್ರೆಯ ಹಾಸಿಗೆಯಲ್ಲೇ ಹುಟ್ಟಿತು ಎಂಬ ಕಥೆ ಜನಪ್ರಿಯ. ನಿಜದಲ್ಲಿ ಅದರ ಬಹುಭಾಗ ಅದಕ್ಕೂ ಮುಂಚಿನ ಕೆಲಸ. ಆ ಕಥೆ ಇಲ್ಲದೆಯೂ ಆಲ್ಬಮ್ ದೊಡ್ಡದೇ. 2005ರ ಕೊನೆಯಲ್ಲಿ ಗಾಲಿಕುರ್ಚಿಯಲ್ಲಿ ಕೂತು ಯುರೋಪಿನಲ್ಲಿ ಕಾರ್ಯಕ್ರಮ ಕೊಟ್ಟ. 2006ರ ಫೆಬ್ರವರಿ 7ಕ್ಕೆ, ಅವನ ಹುಟ್ಟುಹಬ್ಬದ ದಿನವೇ, ಡೋನಟ್ಸ್ ಬಿಡುಗಡೆಯಾಯಿತು. ಮೂರು ದಿನಕ್ಕೆ ಅವನು ಹೋದ. ಹಿಂದೆ ಉಳಿದದ್ದು ತೆರಿಗೆ ಬಾಕಿ, ಸಾಲ, ಹಕ್ಕುಗಳ ಬಗ್ಗೆ ವರ್ಷಗಟ್ಟಲೆಯ ತಕರಾರು.

ಈ ದೇಶದಲ್ಲಿ ಆರೋಗ್ಯ ವಿಮೆ ಹೆಚ್ಚಾಗಿ ನೌಕರಿಗೆ ಅಂಟಿಕೊಂಡು ಬರುತ್ತದೆ. ಕಂಪನಿಯ ಕೆಲಸದಲ್ಲಿರುವ ನಮ್ಮಂಥವರಿಗೆ ಅದರ ಬೆಲೆ ತಿಳಿಯುವುದಿಲ್ಲ, ಸ್ವಂತ ದುಡಿಮೆಯ ಕಲಾವಿದನಿಗೆ ಕಾಯಿಲೆ ಬಂದ ದಿನವೇ ತಿಳಿಯುತ್ತದೆ. ನಮ್ಮ ಕೂಟಗಳಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ವಾಟ್ಸಾಪ್‌ನಲ್ಲಿ ಸರದಿ ಹಾಕಿಕೊಂಡು ಮನೆಗೆ ಸಾರು, ಅನ್ನ, ಚಪಾತಿ ಕಳಿಸುತ್ತೇವೆ, ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತೇವೆ, ಊರಿಗೆ ಹೋಗಬೇಕಾದರೆ ಟಿಕೆಟ್ಟಿಗೆ ಹಣ ಕೂಡಿಸುತ್ತೇವೆ. ಇದು ನಮ್ಮಲ್ಲಿನ ಒಳ್ಳೆಯ ಗುಣ. ಹಾಗೇ, "ಸಂಗೀತದ ಜೊತೆಗೆ ಒಂದು ಕೆಲಸ ಇರಲಿ" ಅನ್ನುವ ನಮ್ಮ ತಾಯಂದಿರ ಮಾತನ್ನು ಹಳೆಯ ಕಾಲದ್ದು ಅಂತ ತೆಗೆದುಹಾಕಲು ನನ್ನಿಂದ ಆಗದು. ಡಿಲ್ಲಾನ ತಾಯಿಯೂ ಅದನ್ನೇ ಬಯಸಿದ್ದರು. ಆದರೆ ಮಗ ಬೇಸ್‌ಮೆಂಟಿಗೆ ಇಳಿದಾಗ ಆ ತಾಯಿ ಬಾಗಿಲು ಹಾಕಲಿಲ್ಲ. ಮಗ ಹೋದ ಮೇಲೆ, ಅವನ ಎಂಪಿಸಿ 3000 ಯಂತ್ರವನ್ನು 2014ರಲ್ಲಿ ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ರಾಷ್ಟ್ರೀಯ ಮ್ಯೂಸಿಯಮ್ಮಿಗೆ ಕೊಟ್ಟವರೂ ಅವರೇ. ಮಾರಿದ್ದರೆ ಒಳ್ಳೆಯ ಹಣ ಬರುತ್ತಿತ್ತು.

ರ‍್ಯಾಪ್ ಎಂದರೆ ಕೆಟ್ಟ ಮಾತು, ಮಕ್ಕಳಿಗೆ ಅದೇಕೆ ಅನ್ನುವವರಿದ್ದಾರೆ. ಡಿಲ್ಲಾ ಬರೆದ ಸಾಲುಗಳಲ್ಲೂ ಕಾರು, ಒಡವೆ, ಹೆಂಗಸರ ಬಗ್ಗೆ ನನಗೆ ಸೇರದ ಮಾತುಗಳಿವೆ. ಮಕ್ಕಳಿಗೆ ಅವನ್ನು ಕೇಳಿಸಿ ಅನ್ನುತ್ತಿಲ್ಲ. ಡೋನಟ್ಸ್‌ನ 31 ತುಣುಕುಗಳಲ್ಲಿ ರ‍್ಯಾಪೇ ಇಲ್ಲ, ಅಲ್ಲಿಂದ ಶುರು ಮಾಡಬಹುದು. ಅವನ ಸ್ನೇಹಿತ ಮ್ಯಾಡ್‌ಲಿಬ್ 2007ರಲ್ಲಿ ನಮ್ಮ ಭಾರತದ ಸಿನಿಮಾ ಹಾಡುಗಳಿಂದಲೇ ಒಂದು ಬೀಟ್ ಆಲ್ಬಮ್ ಮಾಡಿದ. ನಮ್ಮ ಅಪ್ಪಂದಿರ ಕಾಲದ ರೆಕಾರ್ಡುಗಳನ್ನು ನಾವು ರದ್ದಿಗೆ ಹಾಕುವ ಹೊತ್ತಿಗೆ ಅಮೆರಿಕದ ಹುಡುಗನೊಬ್ಬ ಅಷ್ಟು ಆಸೆಯಿಂದ ಅವನ್ನು ಕೇಳುತ್ತಿದ್ದ. ನಮ್ಮ ಮಕ್ಕಳಿಗೆ ಈ ಬಾಗಿಲಿನಿಂದ ರಾಜನ್-ನಾಗೇಂದ್ರ, ವಿಜಯಭಾಸ್ಕರ್ ಸಿಗುವುದಾದರೆ ಸಿಗಲಿ.

ನಮ್ಮ ಮನೆಗಳಲ್ಲಿ ಬೇಸ್‌ಮೆಂಟ್ ಇಲ್ಲದ್ದು ಯಾವುದಿದೆ? ಹೋಮ್ ಥಿಯೇಟರು, ಟ್ರೆಡ್‌ಮಿಲ್ಲು, ಊರಿಂದ ಬಂದವರಿಗೆ ಒಂದು ಹಾಸಿಗೆ. ಊರಿನಲ್ಲಿ ನಾವು ಬೆಳೆದ ಮನೆಗಿಂತ ದೊಡ್ಡದು ಅದೊಂದೇ. ಕೂಟದ ಹತ್ತು ಮನೆಯವರು ಮನಸ್ಸು ಮಾಡಿದರೆ ಒಂದು ಬೇಸ್‌ಮೆಂಟಿನಲ್ಲಿ ಒಂದು ಎಂಪಿಸಿ, ಎರಡು ಮೈಕು, ಒಂದು ಹಳೆಯ ಹಾರ್ಮೋನಿಯಂ, ಮೃದಂಗ, ತಬಲಾ, ಒಂದು ರೆಕಾರ್ಡ್ ಪ್ಲೇಯರ್ ಇಡುವುದು ದೊಡ್ಡ ಮಾತಲ್ಲ. ವಾರಕ್ಕೊಂದು ಸಂಜೆ ಬಾಗಿಲು ತೆಗೆದಿಡಬೇಕು. ಪರೀಕ್ಷೆ, ಪ್ರದರ್ಶನ, ಅಂಕ ಯಾವುದೂ ಇರಬಾರದು. ತಂದೆತಾಯಿ ಮೇಲೆ ಕೂತು ಚಹಾ ಕುಡಿಯಬೇಕು. ಎಂಟನೇ ಮೈಲಿಯ ಆಚೆಯಿಂದಲೂ ಮಕ್ಕಳು ಬರುವಂತಾಗಬೇಕು, ನಮ್ಮ ಮಕ್ಕಳು ಅಲ್ಲಿಗೂ ಹೋಗುವಂತಾಗಬೇಕು. ಕಲಿಸುವ ಗುರುಗಳಿಗೆ ಆ ಸಂಜೆಯ ಸಂಭಾವನೆಯನ್ನು ಕೂಟವೇ ಕೊಡಲಿ. ಹಣ ಎಲ್ಲಿಂದ ಅಂದರೆ, ಪುಟ್ಟರಾಜ ಗವಾಯಿಗಳು ನಾಟಕ ಬರೆದು, ನಾಟಕ ಕಂಪನಿ ಕಟ್ಟಿ, ಊರೂರು ತಿರುಗಿ ಬಂದ ದುಡ್ಡಿನಿಂದ ಆಶ್ರಮದ ಮಕ್ಕಳಿಗೆ ಅನ್ನ ಹಾಕಿದರು. ವರ್ಷಕ್ಕೊಂದು ನಾಟಕ ನಾವೂ ಆಡುತ್ತೇವೆ, ಹಾಲ್ ತುಂಬುತ್ತದೆ, ಟಿಕೆಟ್ಟಿನ ಹಣ ಇದಕ್ಕೇ ಇರಲಿ.

ಸ್ನೇಹಿತರು ಒಪ್ಪಿದ್ದಾರೆ. ಅವರ ಬೇಸ್‌ಮೆಂಟಿನಲ್ಲೇ ಶುರು ಮಾಡೋಣ ಅಂದಿದ್ದಾರೆ. ಮೃದಂಗದ ಗುರುಗಳನ್ನು ಕೇಳಿದಾಗ ಅವರು ಎರಡು ಷರತ್ತು ಹಾಕಿದರು: ಪಾಠದ ಅಭ್ಯಾಸ ತಪ್ಪಬಾರದು, ಮತ್ತು ಆ ಯಂತ್ರವನ್ನು ತಮಗೂ ಕಲಿಸಬೇಕು. ಎರಡನೆಯದನ್ನು ಹುಡುಗ ವಹಿಸಿಕೊಂಡಿದ್ದಾನೆ.